ರಿಚರ್ಡ್‌ನನ್ನು ಮರೆಯದೆ ನೋಡಿದರೆ ಮೋನಿಕಾ–ಚಾಂಡ್ಲರ್ ಪ್ರೀತಿ ಹೇಗೆ ಕಾಣುತ್ತದೆ?

ಪ್ರಶ್ನೆ: ತುಂಗಾತೀರ

ಆರು ಗೆಳೆಯರ ಕಥೆಯಾದ ಅಮೆರಿಕದ 'ಫ್ರೆಂಡ್ಸ್' ಧಾರಾವಾಹಿಯನ್ನು ಈಚೆಗೆ ಮೊದಲ ಕಂತಿನಿಂದ ಮತ್ತೊಮ್ಮೆ ನೋಡಿದೆ. ಮೊದಲ ಸಲ ನೋಡಿದಾಗ ಮೋನಿಕಾ ಮತ್ತು ಚಾಂಡ್ಲರ್ ಜೋಡಿ ನನಗೆ ಬಹಳ ಹಿಡಿಸಿತ್ತು. ರಾಸ್ ಮತ್ತು ರೇಚಲ್ ವರ್ಷಗಟ್ಟಲೆ ಕೂಡುತ್ತ ಅಗಲುತ್ತ ಇದ್ದಾಗ ಇವರಿಬ್ಬರು ಸದ್ದಿಲ್ಲದೆ ಸಂಸಾರ ಕಟ್ಟಿಕೊಂಡರು ಎಂಬುದೇ ಅದಕ್ಕೆ ಕಾರಣ. ಈ ಸಲ ಆ ಭಾವನೆ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. 1996ರಲ್ಲಿ ತನ್ನ ಹಿಂದಿನ ಪ್ರೇಮಿ ರಿಚರ್ಡ್‌ನಿಂದ ಬೇರೆಯಾದ ಮೋನಿಕಾ, ಮೂರನೆಯ ಸೀಸನ್ನಿನ ಆರಂಭದಲ್ಲಿ ನಿದ್ದೆಯಿಲ್ಲದೆ ಒದ್ದಾಡುತ್ತಾಳೆ. ಸ್ನಾನದ ಮನೆಯಲ್ಲಿ ಸಿಕ್ಕ ಅವನ ಕೂದಲನ್ನು ಎಸೆಯುವುದಕ್ಕೂ ಅವಳಿಗೆ ಮನಸ್ಸು ಬರುವುದಿಲ್ಲ. ಅಂಥ ತೀವ್ರತೆ ಚಾಂಡ್ಲರ್ ವಿಷಯದಲ್ಲಿ ನನಗೆ ಕಾಣಲಿಲ್ಲ. 1998ರಲ್ಲಿ ಅಣ್ಣ ರಾಸ್‌ನ ಮದುವೆಗೆಂದು ಲಂಡನ್ನಿಗೆ ಹೋದಾಗ, ಅತಿಥಿಯೊಬ್ಬ ತನ್ನನ್ನು ವರನ ತಾಯಿ ಎಂದುಕೊಂಡದ್ದಕ್ಕೆ ನೊಂದು ಅವಳು ಗೆಳೆಯರ ಕೋಣೆಗೆ ಹೋಗುತ್ತಾಳೆ; ಚಾಂಡ್ಲರ್ ಜೊತೆಗಿನ ಸಂಬಂಧ ಶುರುವಾಗುವುದು ಅಲ್ಲೇ. ಅಂದು ಅವಳು ಅರಸಿ ಹೋದದ್ದು ಚಾಂಡ್ಲರ್‌ನ ಗೆಳೆಯ ಜೋಯಿಯನ್ನು ಎಂಬ ಸತ್ಯ ಏಳನೆಯ ಸೀಸನ್ನಿನಲ್ಲಿ ಹೊರಬೀಳುತ್ತದೆ. 1999ರಲ್ಲಿ ರಿಚರ್ಡ್ ಜೊತೆ ಊಟ ಮಾಡಿದ್ದನ್ನು ಚಾಂಡ್ಲರ್‌ನಿಂದ ಮುಚ್ಚಿಡುತ್ತಾಳೆ. 2000ದಲ್ಲಿ ರಿಚರ್ಡ್ ಮತ್ತೆ ಬಂದು ಮನಸ್ಸು ಬಿಚ್ಚಿ ಮಾತಾಡಿದಾಗ ಅವಳ ಮನಸ್ಸು ಅಲುಗಾಡುತ್ತದೆ. ಹಾಗಾದರೆ ಚಾಂಡ್ಲರ್ ಅವಳು ಆರಿಸಿಕೊಂಡ ಗಂಡನೋ, ಕೈತಪ್ಪಿದವನ ಬದಲಿಗೆ ಸಿಕ್ಕವನೋ? ಹಿಂದಿನ ಸಂಬಂಧಗಳನ್ನು ಲೆಕ್ಕಕ್ಕೆ ಹಿಡಿದು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ವೀಕ್ಷಕಿ

ತುಂಗಾತೀರ ಅವರೇ, ವಿರಹದ ತೀವ್ರತೆಯೇ ಪ್ರೀತಿಯ ಅಳತೆ ಎನ್ನುವುದಾದರೆ ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ಮೋನಿಕಾ ಮತ್ತು ರಿಚರ್ಡ್ ಬೇರೆಯಾದದ್ದು ಯಾಕೆ ಎಂಬುದನ್ನು ನೀವು ಬಿಟ್ಟಿದ್ದೀರಿ. ರಿಚರ್ಡ್ ಅವಳಿಗಿಂತ 21 ವರ್ಷ ದೊಡ್ಡವನು, ಅವಳ ತಂದೆತಾಯಿಯ ಸ್ನೇಹಿತ, ಬೆಳೆದ ಮಕ್ಕಳಿರುವವನು; ಹೊಸದಾಗಿ ಮತ್ತೆ ತಂದೆಯಾಗುವ ಆಸೆ ಅವನಿಗಿರಲಿಲ್ಲ. ಎರಡನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ, ಮಗು ಬೇಕೇ ಬೇಕೆಂದಾದರೆ ಅದಕ್ಕೂ ಸಿದ್ಧ ಎಂದು ಅವನು ಒಪ್ಪುತ್ತಾನೆ. ಅವಳು ಆ ಒಪ್ಪಿಗೆಯನ್ನೇ ಬೇಡವೆನ್ನುತ್ತಾಳೆ, ಏಕೆಂದರೆ ಅವಳಿಗೆ ಬೇಕಾಗಿದ್ದವನು ತನ್ನ ಹಾಗೆಯೇ ಮಗುವಿಗಾಗಿ ಹಂಬಲಿಸುವವನು, ತನಗೋಸ್ಕರ ಸಹಿಸಿಕೊಳ್ಳುವವನಲ್ಲ. ಇಡೀ ಧಾರಾವಾಹಿಯಲ್ಲಿ ಮೋನಿಕಾ ತೆಗೆದುಕೊಂಡ ಅತ್ಯಂತ ಕಠಿಣವಾದ ನಿರ್ಧಾರ ಇದೇ ಎಂದು ನಾನು ಭಾವಿಸಿದ್ದೇನೆ.

ಆದ್ದರಿಂದ ಚಾಂಡ್ಲರ್‌ನನ್ನೂ ಈ ಒಂದು ಮಾತಿನಿಂದಲೇ ಅಳೆಯಬೇಕು. ಮೊದಲು ಅವನೂ ಮದುವೆ, ಮಕ್ಕಳು ಎಂದರೆ ಬೆದರುತ್ತಿದ್ದವನೇ. ಒಂಬತ್ತನೆಯ ಸೀಸನ್ನಿನಲ್ಲಿ ತಮಗೆ ಮಗುವಾಗುವುದು ಕಷ್ಟವೆಂದು ತಿಳಿದಾಗ, ಅದು ಸಲೀಸಾಗಿ ಜಾರಿಕೊಳ್ಳಲು ಸಿಕ್ಕ ದಾರಿ ಎಂದು ಅವನು ಎಣಿಸಲಿಲ್ಲ. ಅವಳೊಡನೆ ದತ್ತು ಸ್ವೀಕಾರದ ಕಡೆಗೆ ಹೆಜ್ಜೆ ಹಾಕಿದ. ಕೊನೆಯ ಸೀಸನ್ನಿನಲ್ಲಿ ಒಹಾಯೊದ ಎರಿಕಾ ಎಂಬ ಗರ್ಭಿಣಿ ಇವರನ್ನು ಬೇರೆ ದಂಪತಿಯೆಂದು ತಿಳಿದು ಒಪ್ಪಿ, ನಿಜ ಗೊತ್ತಾದಾಗ ಹಿಂದೆ ಸರಿಯುತ್ತಾಳೆ. ಆಗ ಚಾಂಡ್ಲರ್ ಒಬ್ಬನೇ ಅವಳ ಬಳಿ ಹೋಗಿ, ತನಗೂ ಮಗು ಬೇಕು, ಒಳ್ಳೆಯ ತಂದೆಯಾಗುವುದನ್ನು ತಾನು ಕಲಿಯುತ್ತೇನೆ, ಆದರೆ ತನ್ನ ಹೆಂಡತಿ ಮಗು ಇಲ್ಲದಿದ್ದರೂ ಈಗಾಗಲೇ ತಾಯಿಯಾಗಿದ್ದಾಳೆ ಎಂದು ಬೇಡಿಕೊಳ್ಳುತ್ತಾನೆ. ರಿಚರ್ಡ್ 1996ರಲ್ಲಿ ಆಡಲಾಗದೆ ಹೋದ ಮಾತು ಇದು.

ಉತ್ತರ: ಕಾವೇರಿಕೊಳ್ಳ

ಮೋನಿಕಾಳ ಹಿಂದಿನ ಸಂಬಂಧವನ್ನು ಮಾತ್ರ ನೋಡಿ ಚಾಂಡ್ಲರ್‌ನದನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ತಂದೆತಾಯಿ ಬೇರೆಯಾಗುವ ಸುದ್ದಿಯನ್ನು ಹಬ್ಬದೂಟದ ಹೊತ್ತಿನಲ್ಲಿ ಕೇಳಿದ ಹುಡುಗ ಅವನು. ಹಳೆಯ ಗೆಳತಿ ಜಾನಿಸ್‌ಳನ್ನು ಮತ್ತೆ ಮತ್ತೆ ಬಿಟ್ಟು ಮತ್ತೆ ಮತ್ತೆ ಸೇರಿಕೊಂಡ. ನಾಲ್ಕನೆಯ ಸೀಸನ್ನಿನ ಕ್ಯಾಥಿಯ ಪ್ರಸಂಗ ಇನ್ನೂ ಮುಖ್ಯವಾದದ್ದು: ಜೋಯಿಯ ಗೆಳತಿಯಾಗಿದ್ದ ಅವಳಿಗೆ ಮನಸೋತು, ಅದಕ್ಕೆ ಪ್ರಾಯಶ್ಚಿತ್ತವಾಗಿ ಪೆಟ್ಟಿಗೆಯೊಳಗೆ ಕುಳಿತು, ಕೊನೆಗೂ ಅವಳನ್ನು ಪಡೆದ ಮೇಲೆ, ನಟಿಯಾದ ಅವಳ ಸಹನಟನ ಮೇಲಿನ ಸಂಶಯದಿಂದ ಜಗಳವಾಡಿದ, ಆ ಒಂದು ಜಗಳದಲ್ಲೇ ಸಂಬಂಧ ಮುಗಿಯಿತು. ಜಗಳವೆಂದರೆ ಅಂತ್ಯ ಎಂದೇ ಅವನು ನಂಬಿದ್ದ. ಐದನೆಯ ಸೀಸನ್ನಿನಲ್ಲಿ ಮೋನಿಕಾಳೊಡನೆ ಮೊದಲ ಸಲ ಜಗಳವಾದಾಗಲೂ ಎಲ್ಲ ಮುಗಿಯಿತೆಂದು ಭಾವಿಸಿದ್ದವನಿಗೆ, ಜಗಳವಾಡಿಯೂ ಜೊತೆಗಿರಬಹುದು ಎಂಬುದನ್ನು ಕಲಿಸಿದವಳು ಅವಳೇ. ಲಾಸ್ ವೇಗಸ್‌ನಲ್ಲಿ, ನೀವು ಹೇಳಿದ ಅದೇ ಊಟದ ಗುಟ್ಟು ಗೆಳತಿ ಫೀಬಿಯ ಬಾಯಿಂದ ಹೊರಬಿದ್ದಾಗ, ಕ್ಯಾಥಿಯ ಸಂದರ್ಭದ ಸಂಶಯವೇ ಮತ್ತೆ ಎದುರಾಗುತ್ತದೆ. ಆದರೆ ಈ ಸಲ ಅವನು ಬಿಟ್ಟು ಹೋಗುವುದಿಲ್ಲ, ಅವಳೂ ಕ್ಷಮೆ ಕೇಳಲು ಹಿಂಜರಿಯುವುದಿಲ್ಲ. ಅದೇ ರಾತ್ರಿ ಇಬ್ಬರೂ ಮದುವೆಯ ಬಾಗಿಲವರೆಗೆ ಹೋಗುತ್ತಾರೆ.

ಉತ್ತರ: ದೀಪಸ್ತಂಭ

ರಿಚರ್ಡ್ ಪರವಾಗಿ ಒಂದು ಮಾತು ಹೇಳಲೇಬೇಕು. ಟಾಮ್ ಸೆಲ್ಲೆಕ್ ಅಭಿನಯಿಸಿದ ಈ ಪಾತ್ರ ಮಕ್ಕಳ ವಿಷಯದಲ್ಲಿ ಮೋನಿಕಾಳಿಗೆ ಸುಳ್ಳು ಹೇಳಲಿಲ್ಲ. ತನಗಿಲ್ಲದ ಆಸೆಯನ್ನು ಇದೆ ಎನ್ನಲಿಲ್ಲ. 2000ದಲ್ಲಿ ಅದೇ ಮನುಷ್ಯ ಮಕ್ಕಳಿಗೂ ಸಿದ್ಧನಾಗಿ ಬರುತ್ತಾನೆ, ಆದರೆ ಈ ನಾಲ್ಕು ವರ್ಷಗಳಲ್ಲಿ ಅವನ ಮನಸ್ಸು ಹೇಗೆ ಬದಲಾಯಿತೆಂಬುದನ್ನು ಲೇಖಕರು ನಮಗೆ ತೋರಿಸುವುದೇ ಇಲ್ಲ. ಚಾಂಡ್ಲರ್‌ಗೆ ಬದಲಾಗಲು ಹಲವು ಸೀಸನ್ನುಗಳನ್ನು ಕೊಟ್ಟವರು ಇವನಿಗೆ ಒಂದು ದೃಶ್ಯವನ್ನೂ ಕೊಡಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣದು.

ಮೋನಿಕಾ ಆಗ ತಡವರಿಸಿದ್ದಕ್ಕೂ ಅರ್ಧ ಕಾರಣ ಚಾಂಡ್ಲರ್. ಮದುವೆಯ ಪ್ರಸ್ತಾಪ ಅನಿರೀಕ್ಷಿತವಾಗಿರಲೆಂದು, ತನಗೆ ಮದುವೆಯಲ್ಲಿ ನಂಬಿಕೆಯೇ ಇಲ್ಲವೆಂಬಂತೆ ಅವನು ನಟಿಸಿದ್ದ. ಆ ಮಾತುಗಳನ್ನು ನಂಬಿದ ಹೆಣ್ಣಿನ ಮನಸ್ಸು ಕದಡದೆ ಇರುತ್ತದೆಯೇ? ಮೋನಿಕಾಳನ್ನು ಹುಡುಕಿಕೊಂಡು ಚಾಂಡ್ಲರ್ ರಿಚರ್ಡ್‌ನ ಮನೆಗೇ ಬಂದಾಗ, ಹೋಗಿ ಅವಳನ್ನು ಕರೆದುಕೋ, ನನ್ನ ಹಾಗೆ ಕಳೆದುಕೊಳ್ಳಬೇಡ ಎಂದು ಕಳಿಸಿದವನೂ ರಿಚರ್ಡ್.

ಮರುಮಾತು: ತುಂಗಾತೀರ

ಮೂವರಿಗೂ ಕೃತಜ್ಞತೆಗಳು. 2000ದ ತಡವರಿಕೆಯ ಬಗ್ಗೆ ದೀಪಸ್ತಂಭ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಚಾಂಡ್ಲರ್‌ನ ನಟನೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎರಿಕಾಳ ಎದುರಿನ ದೃಶ್ಯವನ್ನು ನಿನ್ನೆ ರಾತ್ರಿ ಮತ್ತೆ ಹಾಕಿ ನೋಡಿದೆ. ಚಾಂಡ್ಲರ್ ಬದಲಿಗೆ ಸಿಕ್ಕವನು ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಆ ಊಟವನ್ನು ಮುಚ್ಚಿಟ್ಟದ್ದು ನನಗೆ ಇನ್ನೂ ಸಮಾಧಾನ ತಂದಿಲ್ಲ. ಏನೂ ಇರಲಿಲ್ಲವಾದರೆ ಅಂದೇ ಹೇಳಬಹುದಾಗಿತ್ತು.