ಪ್ಯಾಕೆಟ್ ಗ್ರನೋಲಾ ದಿನಾ ತಿನ್ನಬಹುದಾ? ಲೇಬಲ್ ಲೆಕ್ಕ ಬೇಕು

ಬೆಳಗಿನ_ಬಟ್ಟಲು:
ಒಂದು ಬಾದಾಮಿ-ಜೇನು ಗ್ರನೋಲಾದ (ಓಟ್ಸ್, ಬೀಜಗಳನ್ನು ಸಿಹಿ, ಎಣ್ಣೆ ಬೆರೆಸಿ ಗರಿಗರಿ ಮಾಡಿದ ತಿಂಡಿ) ಲೇಬಲ್ ಕೆಳಗಿದೆ. 100 ಗ್ರಾಂಗೆ 450 ಕಿಲೋಕ್ಯಾಲರಿ, ಪ್ರೋಟೀನ್ 9 ಗ್ರಾಂ, ಕಾರ್ಬೋಹೈಡ್ರೇಟ್ 66 (ನಾರು 7 ಇದರಲ್ಲೇ ಸೇರಿದೆ), ಒಟ್ಟು ಸಕ್ಕರೆ 24, ಸೇರಿಸಿದ ಸಕ್ಕರೆ 19, ಕೊಬ್ಬು 18, ಅದರಲ್ಲಿ ಸ್ಯಾಚುರೇಟೆಡ್ 6. ಒಂದು ಸರ್ವಿಂಗ್ ಅಂದ್ರೆ 30 ಗ್ರಾಂ.
ಪದಾರ್ಥಗಳು: ಓಟ್ಸ್ 55%, ಸಕ್ಕರೆ, ತಾಳೆ ಎಣ್ಣೆ, ಬಾದಾಮಿ 6%, ಒಣದ್ರಾಕ್ಷಿ, ಜೇನು 3%, ಇನ್ವರ್ಟ್ ಸಿರಪ್, ಮಾಲ್ಟೊಡೆಕ್ಸ್ಟ್ರಿನ್, ಉಪ್ಪು.
ಮುಂದುಗಡೆ ‘ಹೈ ಫೈಬರ್’ ಅಂತ ದೊಡ್ಡದಾಗಿ ಹಾಕಿದ್ದಾರೆ. ದಿನಾ ಬೆಳಗಿನ ತಿಂಡಿಗೆ ಇದು ಸಾಕಾಗುತ್ತಾ? ಮನೆಯಲ್ಲಿ ಸಕ್ಕರೆ ಕಾಯಿಲೆ ಇರೋರಿಗೂ ಕೊಡಬಹುದಾ? ಮನೆಯಲ್ಲೇ ಮಾಡಿಕೊಂಡರೆ ಎಷ್ಟು ವ್ಯತ್ಯಾಸ ಆಗುತ್ತೆ?

ಲೇಬಲ್_ಲೆಕ್ಕ:
ಮೊದಲು ಆ 30 ಗ್ರಾಂ ಬದಿಗಿಡಿ. ಮೂರು ದೊಡ್ಡ ಚಮಚ ರಾಶಿ ಹಾಕಿದರೆ 30 ಗ್ರಾಂ ಆಯಿತು, ಅಷ್ಟಕ್ಕೆ ಯಾರ ಬಟ್ಟಲೂ ತುಂಬಲ್ಲ. ಅಳೆಯದೆ ಸುರಿದರೆ 70–80 ಗ್ರಾಂ ಸುಲಭವಾಗಿ ಬೀಳುತ್ತೆ. ಅಡುಗೆಮನೆ ತಕ್ಕಡಿಯಲ್ಲಿ ಒಂದು ಸಲ ತೂಗಿ ನೋಡಿ, ಆಮೇಲೆ ಅದೇ ಬಟ್ಟಲಿನ ಅಂದಾಜು ಸಾಕು.

80 ಗ್ರಾಂಗೆ ನಿಮ್ಮ ಲೇಬಲ್ ಪ್ರಕಾರ 360 ಕಿಲೋಕ್ಯಾಲರಿ, ಪ್ರೋಟೀನ್ 7 ಗ್ರಾಂ, ಕೊಬ್ಬು 14 ಗ್ರಾಂ, ಸೇರಿಸಿದ ಸಕ್ಕರೆ 15 ಗ್ರಾಂ. ಅಂದರೆ ಮೂರು ಟೀ ಚಮಚಕ್ಕೂ ಜಾಸ್ತಿ ಸಕ್ಕರೆ. 200 ಮಿ.ಲೀ. ಟೋನ್ಡ್ ಹಾಲು ಹಾಕಿದರೆ ಇನ್ನೊಂದು 120 ಕಿಲೋಕ್ಯಾಲರಿ ಮತ್ತು 6 ಗ್ರಾಂ ಪ್ರೋಟೀನ್ ಸೇರುತ್ತೆ. ಬಟ್ಟಲಿನ ಪ್ರೋಟೀನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಹಾಲಿನದ್ದೇ, ಗ್ರನೋಲಾದ್ದಲ್ಲ.

ಎಫ್‌ಎಸ್‌ಎಸ್‌ಎಐನ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) 2020ರ ಲೇಬಲಿಂಗ್ ನಿಯಮ ಶೇಕಡಾವಾರು ಲೆಕ್ಕಕ್ಕೆ ದಿನಕ್ಕೆ 2000 ಕಿಲೋಕ್ಯಾಲರಿ, 50 ಗ್ರಾಂ ಸೇರಿಸಿದ ಸಕ್ಕರೆ, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಅಂತ ಇಟ್ಟುಕೊಂಡಿದೆ. ಹಾಗಾಗಿ ಪ್ಯಾಕೆಟ್ ಮೇಲೆ ಸಕ್ಕರೆ ‘11%’ ಅಂತ ಕಂಡರೆ ಅದು 30 ಗ್ರಾಂ ಗ್ರನೋಲಾಕ್ಕೆ. 80 ಗ್ರಾಂಗೆ ಅದು 30% ಆಗುತ್ತೆ.

ಇನ್ನು ಪದಾರ್ಥಗಳ ಪಟ್ಟಿ. ತೂಕ ಹೆಚ್ಚಿರೋದು ಮೊದಲು ಬರಬೇಕು ಅನ್ನೋದು ನಿಯಮ. ಸಕ್ಕರೆ, ಜೇನು, ಇನ್ವರ್ಟ್ ಸಿರಪ್ (ಸಕ್ಕರೆಯಿಂದಲೇ ಮಾಡಿದ ಪಾಕ) ಮೂರನ್ನೂ ಬೇರೆ ಬೇರೆ ಬರೆದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತೆ. ಅದಕ್ಕೇ ‘ಸೇರಿಸಿದ ಸಕ್ಕರೆ’ ಸಾಲನ್ನು ನಂಬಿ, ಅಲ್ಲಿ ಮೂರೂ ಕೂಡಿರುತ್ತವೆ. ಮಾಲ್ಟೊಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಮಾತ್ರ ಆ ಸಾಲಿಗೆ ಬರಲ್ಲ, ಆದರೆ ರಕ್ತದಲ್ಲಿ ಗ್ಲೂಕೋಸ್ ಏರಿಸೋದರಲ್ಲಿ ಸಕ್ಕರೆಗೇನೂ ಕಡಿಮೆಯಿಲ್ಲ. ಹೆಸರಿನಲ್ಲಿರೋ ಜೇನು 3%, ಅದರ ಮುಂದೆ ಮಾಮೂಲಿ ಸಕ್ಕರೆ ಎರಡನೇ ಸ್ಥಾನದಲ್ಲಿದೆ. ಜೇನಿನಲ್ಲೂ ಶೇ. 80ರಷ್ಟು ಸಕ್ಕರೆಯೇ ಇರುತ್ತೆ ಅನ್ನೋದು ಬೇರೆ ಮಾತು.

ನಾರುಬೇರು:
‘ಹೈ ಫೈಬರ್’ ಸುಳ್ಳಲ್ಲ. 100 ಗ್ರಾಂಗೆ 6 ಗ್ರಾಂ ನಾರು ಇದ್ದರೆ ಹಾಗೆ ಬರೆಯಬಹುದು, ನಿಮ್ಮದರಲ್ಲಿ 7 ಇದೆ. ಆದರೆ ಬರೀ ರೋಲ್ಡ್ ಓಟ್ಸ್‌ನಲ್ಲೇ ಸುಮಾರು 10 ಗ್ರಾಂ ಇರುತ್ತೆ. ಸಕ್ಕರೆ, ಎಣ್ಣೆ ಸೇರಿಸಿದಷ್ಟೂ ಓಟ್ಸ್ ಪಾಲು ಕುಗ್ಗಿ ನಾರು ಇಳಿದಿದೆ.

ಓಟ್ಸ್‌ಗೆ ಒಳ್ಳೆ ಹೆಸರು ಬಂದಿರೋದು ಬೀಟಾ-ಗ್ಲೂಕನ್ ಅನ್ನೋ ಕರಗುವ ನಾರಿನಿಂದ. ಕೊಲೆಸ್ಟ್ರಾಲ್ ಇಳಿಯಲು ದಿನಕ್ಕೆ 3 ಗ್ರಾಂ ಬೇಕು, ಅಂದರೆ ಸುಮಾರು 75 ಗ್ರಾಂ ಓಟ್ಸ್. ನಿಮ್ಮ ಗ್ರನೋಲಾದಿಂದ ಅಷ್ಟು ಓಟ್ಸ್ ಸಿಗಬೇಕಾದರೆ 135 ಗ್ರಾಂ ತಿನ್ನಬೇಕು. ಜೊತೆಗೆ 600 ಕಿಲೋಕ್ಯಾಲರಿ, 26 ಗ್ರಾಂ ಸೇರಿಸಿದ ಸಕ್ಕರೆ, 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಬರುತ್ತೆ. ಕೊಲೆಸ್ಟ್ರಾಲ್‌ಗೆ ಅಂತ ಇದನ್ನು ತಿನ್ನೋದರಲ್ಲಿ ಅರ್ಥವೇ ಇಲ್ಲ. ಓಟ್ಸ್ ಗಂಜಿ ಕುಡಿಯಿರಿ.

ಸಕ್ಕರೆ ಕಾಯಿಲೆ ಇರೋರಿಗೆ ಈ ಪ್ಯಾಕೆಟ್ ನಾನಂತೂ ಕೊಡಲ್ಲ. ಕೊಡಲೇಬೇಕು ಅಂದರೆ 20 ಗ್ರಾಂ ತೂಗಿ, 150 ಗ್ರಾಂ ಗಟ್ಟಿ ಮೊಸರಿನ ಮೇಲೆ ಉದುರಿಸಿ, ಒಂದು ಹಿಡಿ ಶೇಂಗಾ ಸೇರಿಸಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ನೋಡಿ. ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನು ಕೇಳದೆ ತಿಂಡಿ ಬದಲಿಸೋದು ಬೇಡ.

‘ಶುಗರ್ ಫ್ರೀ’ ಗ್ರನೋಲಾ ಹುಡುಕೋರು ಪಟ್ಟಿಯಲ್ಲಿ ಐಎನ್‌ಎಸ್ 965 (ಸೇರ್ಪಡೆ ಪದಾರ್ಥದ ಸಂಖ್ಯೆ) ಇದೆಯಾ ನೋಡಿ. ಅದು ಮಾಲ್ಟಿಟಾಲ್, ಸಕ್ಕರೆ ಬದಲು ಹಾಕೋ ಸಿಹಿ ಪದಾರ್ಥ. ಅದರಲ್ಲೂ ಕ್ಯಾಲರಿ ಇದೆ, ಗ್ಲೂಕೋಸ್ ಸ್ವಲ್ಪ ಏರುತ್ತೆ, ಜಾಸ್ತಿ ತಿಂದರೆ ಭೇದಿ. ಖರ್ಜೂರದ ಸಿರಪ್ ಹಾಕಿ ಸಕ್ಕರೆ ಇಲ್ಲ ಅನ್ನೋರೂ ಇದ್ದಾರೆ. ಅಂಥ ಕಡೆ ಒಟ್ಟು ಸಕ್ಕರೆಯ ಸಾಲು ನೋಡಿ.

ಬೆಳಗಿನ_ಬಟ್ಟಲು:
ಹಾಗಾದರೆ ರಾಗಿ ಗ್ರನೋಲಾ, ಸಿರಿಧಾನ್ಯ ಗ್ರನೋಲಾ? ಕ್ಯಾಲ್ಸಿಯಂ ಸಿಗುತ್ತೆ ಅಂತ ಬರೆದಿರುತ್ತಾರಲ್ಲ.

ಲೇಬಲ್_ಲೆಕ್ಕ:
ರಾಗಿ ಶೇಕಡಾ ಎಷ್ಟು ಅಂತ ನೋಡಿ, ಎಲ್ಲಾ ಅದರ ಮೇಲೇ ನಿಂತಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಪ್ಯಾಕೆಟ್‌ನಲ್ಲಿ ರಾಗಿ 8% ಇದ್ದರೆ 100 ಗ್ರಾಂ ಗ್ರನೋಲಾಕ್ಕೆ 29 ಮಿ.ಗ್ರಾಂ ರಾಗಿಯಿಂದ ಬಂತು. ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ ಇರುತ್ತೆ. ಅರ್ಧ ಮುದ್ದೆ ಇದಕ್ಕಿಂತ ಎಷ್ಟೋ ವಾಸಿ.

ಒಲೆಮುಂದೆ:
ಮನೆಯಲ್ಲಿ ಮಾಡಿದರೆ ಸಕ್ಕರೆ ಇಳಿಯುತ್ತೆ, ಕ್ಯಾಲರಿ ಇಳಿಯಲ್ಲ. ಇದನ್ನು ಮೊದಲೇ ತಿಳಿದಿರಿ. ಗ್ರನೋಲಾ ಅಂದರೆ ರಚನೆಯಲ್ಲಿ ಓಟ್ಸ್‌ನ ಚಿಕ್ಕಿ. ಪಾಕ, ಎಣ್ಣೆ ಇಲ್ಲದೆ ಗರಿಗರಿ ಬರಲ್ಲ.

ಅಳತೆ: ರೋಲ್ಡ್ ಓಟ್ಸ್ 300 ಗ್ರಾಂ (ಇನ್‌ಸ್ಟಂಟ್ ಬೇಡ, ಪುಡಿಯಾಗಿ ಬೇಗ ಸೀಯುತ್ತೆ), ಶೇಂಗಾ-ಬಾದಾಮಿ-ಕುಂಬಳಬೀಜ ಎಲ್ಲಾ ಸೇರಿ 100 ಗ್ರಾಂ, ಜೇನು 40 ಗ್ರಾಂ, ಕಡಲೆಕಾಯಿ ಎಣ್ಣೆ 40 ಮಿ.ಲೀ., ಅರ್ಧ ಚಮಚ ಉಪ್ಪು. ಜೇನು-ಎಣ್ಣೆ-ಉಪ್ಪು ಬೆಚ್ಚಗೆ ಮಾಡಿ ಕಲಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒವನ್‌ನಲ್ಲಿ 150 ಡಿಗ್ರಿಯಲ್ಲಿ 30–35 ನಿಮಿಷ ಇಡಿ. ಅರ್ಧದಲ್ಲಿ ಒಮ್ಮೆ ಕೈಯಾಡಿಸಿ, ಇಲ್ಲದಿದ್ದರೆ ಅಂಚು ಕಪ್ಪಾಗಿ ನಡು ಹಸಿಯಾಗೇ ಉಳಿಯುತ್ತೆ. ಸುಮಾರು 450 ಗ್ರಾಂ ಸಿಗುತ್ತೆ. 100 ಗ್ರಾಂಗೆ ಸೇರಿಸಿದ ಸಕ್ಕರೆ 7 ಗ್ರಾಂ, ಆದರೆ ಕ್ಯಾಲರಿ 480. ಬೀಜಗಳು ಹೆಚ್ಚಿರೋದೇ ಕಾರಣ. ತಾಳೆ ಎಣ್ಣೆಯ ಕೊಬ್ಬಿನಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್, ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಭಾಗ. ಅಲ್ಲಿ ನಿಜವಾದ ಲಾಭ ಇದೆ.

ಬಹಳ ಜನ ಎಡವೋದು ಎರಡು ಕಡೆ. ಒವನ್‌ನಿಂದ ತೆಗೆದಾಗ ಅದು ಮೆತ್ತಗೇ ಇರಬೇಕು, ತಣಿದ ಮೇಲೆ ಗರಿಗರಿಯಾಗುತ್ತೆ. ಒಳಗೇ ಗರಿಗರಿ ಆಗಲಿ ಅಂತ ಕಾದರೆ ಸೀದು ಕಹಿ ಬರುತ್ತೆ. ಎರಡನೆಯದು, ಒಣದ್ರಾಕ್ಷಿಯನ್ನು ಮೊದಲೇ ಹಾಕೋದು. ಅದು ಉಬ್ಬಿ, ಗಟ್ಟಿಯಾಗಿ, ಹಲ್ಲಿಗೆ ಕಲ್ಲಿನ ಥರ ಸಿಗುತ್ತೆ. ತಣಿದ ಮೇಲೇ ಬೆರೆಸಿ.

ಪೂರ್ತಿ ತಣಿಯದೆ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಮೂರು ವಾರ ಇಡಬಹುದು. ಬೀಜದ ಎಣ್ಣೆ ಕೆಟ್ಟು ಕಮಟು ವಾಸನೆ ಬಂದರೆ ಮತ್ತೆ ಹುರಿದರೂ ಹೋಗಲ್ಲ, ಎಸೆಯಿರಿ. ಒಡೆದ ಪ್ಯಾಕೆಟ್ ಗ್ರನೋಲಾಕ್ಕೂ ಇದೇ ಪರೀಕ್ಷೆ, ಅದರ ಮೇಲಿನ ತಾರೀಕು ಒಡೆಯದ ಪ್ಯಾಕೆಟ್‌ಗೆ ಮಾತ್ರ.