ಅಪ್‌ಡೇಟ್: ಹೆಸರು, ಅಂಕ ಕೊನೆಗೂ ಅಕ್ಕಪಕ್ಕ ಕೂತವು

ಹೆಸರಿನ ಫೈಲು, ಅಂಕದ ಫೈಲು ಎರಡನ್ನೂ ಲಿನಕ್ಸ್‌ನಲ್ಲಿ ಅಕ್ಕಪಕ್ಕದ ಕಾಲಮ್ ಮಾಡೋದು ಹೇಗೆ ಅಂತ ಹೋದ ವಾರ ಕೇಳಿದ್ದೆ. ಕೈ ಹಿಡಿದದ್ದು ಫೈಲುಗಳ ಸಾಲುಗಳನ್ನು ಪಕ್ಕಪಕ್ಕ ಜೋಡಿಸುವ ‘ಪೇಸ್ಟ್’ (paste) ಕಮಾಂಡೇ. ಹೇಳಿದವರಿಗೆ ಥ್ಯಾಂಕ್ಸ್. ಸಮಾನ ಕಾಲಮ್ ನೋಡಿ ಸಾಲು ಜೋಡಿಸುವ ‘ಜಾಯಿನ್’ (join) ಕಮಾಂಡ್ ಆಗಲಿಲ್ಲ, ಎರಡು ಫೈಲಿಗೂ ಸಮಾನವಾದ ಕಾಲಮ್ಮೇ ಇರಲಿಲ್ಲ. ಪ್ರಿಂಟಿಗೆ ಪುಟ ಹೊಂದಿಸುವ ‘ಪಿಆರ್’ (pr) ಕಮಾಂಡ್ ಸಾಲಿಗೆ 72 ಅಕ್ಷರ ಅಂತ ಲೆಕ್ಕ ಹಿಡಿದು ಉದ್ದದ ಹೆಸರುಗಳ ಬಾಲ ಕತ್ತರಿಸಿತು.

ಪೇಸ್ಟ್ ಕೂಡ ಮೊದಲು ಸತಾಯಿಸಿತು. ‘ರವಿ’ ಸರಿಯಾಗಿ ಬಂತು, ಇಂಗ್ಲಿಷಲ್ಲಿ ಬರೆದಿದ್ದ ‘ಚಂದ್ರಶೇಖರ್’ ಹೊಟ್ಟೆಯೊಳಗೆ ಮಾತ್ರ ಅವನ ಅಂಕ 85 ಕೂತಿತ್ತು! ಹೆಸರಿನ ಫೈಲು ವಿಂಡೋಸ್‌ನಿಂದ ಬಂದದ್ದು. ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ‘ಕ್ಯಾರೇಜ್ ರಿಟರ್ನ್’ ಅನ್ನೋ ಗುರುತು ಇತ್ತು. ಅದು ಕರ್ಸರನ್ನು ಸಾಲಿನ ಶುರುವಿಗೆ ಎಳೀತದೆ, ಆಮೇಲೆ ಪೇಸ್ಟ್ ನಡುವೆ ಹಾಕುವ ಟ್ಯಾಬ್ ಎಂಟು ಅಕ್ಷರ ಹಾರಿಸ್ತದೆ, ಅಲ್ಲೇ ಅಂಕ ಬೀಳ್ತದೆ, ಹೆಸರು ಉದ್ದ ಇದ್ದರೆ ಅದರ ಮೇಲೇ. ಅಕ್ಷರ ಅಳಿಸುವ ‘ಟಿಆರ್’ (tr) ಕಮಾಂಡಿನಿಂದ ಆ ಗುರುತನ್ನು ಅಳಿಸಿ ಮತ್ತೆ ಪೇಸ್ಟ್ ಮಾಡಿದೆ, ಎರಡೇ ನಿಮಿಷದ ಕೆಲಸ. ಸುಮ್ನೆ ಮೂರು ದಿನ ತಲೆ ಕೆರೆದುಕೊಂಡೆ.