ಕೊಕೊಪೀಟ್‌ನಲ್ಲಿ ಬ್ಯಾಡಗಿ ಮೆಣಸಿನ ಗಿಡ: ಎಲೆ ಹಳದಿ, ಅಂಚು ಸುಟ್ಟಂತೆ, ಹೂವೆಲ್ಲ ಉದುರುತ್ತಿವೆ

ಕೇಶ್ವಾಪುರ_ತಾರಸಿ • ಫೆಬ್ರವರಿ 23, ರಾತ್ರಿ 10:48

ನಮಸ್ಕಾರ. ಬೈದರೂ ಪರವಾಗಿಲ್ಲ, ಉತ್ತರ ಮಾತ್ರ ಬೇಕು. 18 ಗಿಡಗಳಿವೆ, ಎರಡೂವರೆ ತಿಂಗಳಿನವು. 20 ಲೀಟರಿನ ಹಳೆಯ ಪೇಂಟಿನ ಡಬ್ಬಗಳಲ್ಲಿ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ತುಂಬಿ ಬೆಳೆಸಿದ್ದೇನೆ. ಮೊದಲ ತಿಂಗಳು ನೋಡಿದವರೆಲ್ಲ ಹೊಗಳಿ ಹೋದರು. ಯಾರ ದೃಷ್ಟಿ ತಾಗಿತೋ! ಈಗ ಕೆಳಗಿನ ಎಲೆಗಳಲ್ಲಿ ನರವಷ್ಟೇ ಹಸಿರು, ಉಳಿದದ್ದು ಹಳದಿ. ಅಂಚು ಬೀಡಿ ತಾಗಿಸಿದಂತೆ ಕಂದು. ತುದಿಯ ಎಳೆ ಎಲೆಗಳು ಚಮಚದ ಹಾಗೆ ಮಡಚಿಕೊಂಡಿವೆ. ಹೂವು ಬಿಡುತ್ತದೆ, ಮೂರನೇ ದಿನ ಉದುರುತ್ತದೆ. ಬೆಳಿಗ್ಗೆ ತಾರಸಿ ಗುಡಿಸಿದರೆ ಮೊರದ ತುಂಬ ಬಿಳಿ ಹೂವು.

ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ), ವಾರಕ್ಕೆ ಎರಡು ಸಲ, ಲೀಟರಿಗೆ 2 ಗ್ರಾಂ. ನೀರು ದಿನವೂ ಹಾಕುತ್ತೇನೆ. ನಾನು ಅತಿಥಿ ಉಪನ್ಯಾಸಕ, ಹೆಚ್ಚು ಹೇಳುವುದು ಬೇಡ. ಇದುವರೆಗೆ 1,400 ರೂಪಾಯಿ ಹಾಕಿದ್ದೇನೆ, ಇನ್ನು 300 ಹಾಕಬಲ್ಲೆ. ದುಬಾರಿ ಔಷಧದ ಹೆಸರು ಹೇಳಬೇಡಿ.

ಸಪ್ತಾಪುರ_ಮಾಸ್ತರ • ಫೆಬ್ರವರಿ 23, ರಾತ್ರಿ 11:05

ಎಲೆ ಮುಟುರು ರೋಗ. ಬೇರೆ ಯೋಚನೆಯೇ ಬೇಡ. ಎಲೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಚಮಚ ಎಂದಿದ್ದೀರಿ, ಅಂದರೆ ಮೇಲಕ್ಕೆ, ಅಂದರೆ ಥ್ರಿಪ್ಸ್. ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಜೊತೆಗೆ ಸ್ವಲ್ಪ ಸೋಪಿನ ನೀರು. ನೀಲಿ ಅಂಟು ಹಾಳೆ ನೇತುಹಾಕಿ. ನಾಳೆಯೇ ಹೊಡೆಯಿರಿ.

ಮೋಟೆಬೆನ್ನೂರ_ಹೊಲ • ಫೆಬ್ರವರಿ 24, ಬೆಳಿಗ್ಗೆ 5:52

ಡಬ್ಬದಲ್ಲಿ ಬ್ಯಾಡಗಿ! ಅದು ಎರೆ ಹೊಲದ ಬೆಳೆ. ಮಳೆ ನಂಬಿ ಬೆಳೆಯುವ ಗಿಡವನ್ನು ತೆಂಗಿನ ಸಿಪ್ಪೆಯ ಪುಡಿಯಲ್ಲಿ ಕೂರಿಸಿ ದಿನವೂ ನೀರು ಕುಡಿಸಿದರೆ ಅದು ಇನ್ನೇನು ಮಾಡೀತು? ಪುಡಿ ಚೆಲ್ಲಿ, ಎರೆ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ. ಖರ್ಚು ಸೊನ್ನೆ.

ಗೋಕುಲ್‌ರೋಡ್_ಡ್ರಿಪ್ • ಫೆಬ್ರವರಿ 24, ಬೆಳಿಗ್ಗೆ 8:30

ಎರೆ ಮಣ್ಣನ್ನು ಡಬ್ಬಕ್ಕೆ ಹಾಕಿದರೆ ನೀರು ಹಾಕಿದಾಗ ಅಂಟು, ಬಿಟ್ಟಾಗ ಬಿರುಕು. ಬೇರು ಉಸಿರುಗಟ್ಟಿ ಸಾಯುತ್ತದೆ. ಹೊಲದ ಲೆಕ್ಕ ಬೇರೆ, ಡಬ್ಬದ ಲೆಕ್ಕ ಬೇರೆ.

ತಾರಸಿಯವರೇ, ಇಸಿ (ಕರಗಿದ ಉಪ್ಪಿನ ಅಳತೆ) ಎಷ್ಟು? ಪಿಎಚ್ (ಹುಳಿ-ಕ್ಷಾರದ ಅಳತೆ) ಎಷ್ಟು? ಕೊಕೊಪೀಟ್‌ಗೆ ಪಿಎಚ್ 5.8ರಿಂದ 6.2 ಇರಬೇಕು. ಅಂಕಿ ಇಲ್ಲದೆ ಇಲ್ಲಿ ಯಾರೂ ಏನೂ ಹೇಳಲಾಗದು. ನನ್ನದು 40 ಗ್ರೋಬ್ಯಾಗ್, ಟೈಮರ್ ಹಾಕಿದ ಡ್ರಿಪ್, ದಿನಕ್ಕೆ ನಾಲ್ಕು ಸಲ ಎರಡೆರಡು ನಿಮಿಷ. ಮೇಲೆ ಶೇ. 50ರ ನೆರಳು ಬಲೆ. ಊರಿಗೆ ಹೋದರೂ ಮೊಬೈಲ್‌ನಿಂದ ನೀರು ಬಿಡುತ್ತೇನೆ. ಕಳೆದ ವಾರ ಕೂಡಿಸಿದ ಹೊಸ ಫಿಲ್ಟರಿನ ಚಿತ್ರ ಸಂಜೆ ಹಾಕುತ್ತೇನೆ.

ಕೇಶ್ವಾಪುರ_ತಾರಸಿ • ಫೆಬ್ರವರಿ 24, ಮಧ್ಯಾಹ್ನ 1:15

ಮೀಟರ್ ಇಲ್ಲ. ಅದಕ್ಕೆ ಕೊಡುವ ದುಡ್ಡಿದ್ದರೆ ಸಂತೆಯಲ್ಲಿ ಮೆಣಸಿನಕಾಯಿಯನ್ನೇ ಕೊಳ್ಳುತ್ತಿದ್ದೆ. ಮಾಸ್ತರರೇ, ಬೇವಿನ ಎಣ್ಣೆ ಈಗಷ್ಟೇ ಹೊಡೆದು ಬಂದೆ.

ಸಪ್ತಾಪುರ_ಮಾಸ್ತರ • ಫೆಬ್ರವರಿ 24, ಮಧ್ಯಾಹ್ನ 1:22

ಈಗಷ್ಟೇ ಎಂದರೆ? ಈ ಬಿಸಿಲಿನಲ್ಲೇ?

ಕೇಶ್ವಾಪುರ_ತಾರಸಿ • ಫೆಬ್ರವರಿ 25, ಬೆಳಿಗ್ಗೆ 7:10

ಹೌದು. ಸಂಜೆ ಹೊಡೆಯಬೇಕೆಂದು ನೀವು ಹೇಳಲಿಲ್ಲ. ಈಗ ಎಣ್ಣೆ ನಿಂತ ಕಡೆಯೆಲ್ಲ ಹಪ್ಪಳ ಕರಿದಂತಾಗಿದೆ.

ಸಪ್ತಾಪುರ_ಮಾಸ್ತರ • ಫೆಬ್ರವರಿ 25, ಬೆಳಿಗ್ಗೆ 7:40

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸವಿಲ್ಲ. ಆದರೂ ರೋಗ ಥ್ರಿಪ್ಸೇ. 2021-22ರಲ್ಲಿ ಕಪ್ಪು ಥ್ರಿಪ್ಸ್ ಬಂದು ದಕ್ಷಿಣ ಭಾರತದ ಮೆಣಸಿನ ಹೊಲಗಳನ್ನೆಲ್ಲ ಮಲಗಿಸಿದ್ದು ಮರೆತಿರಾ? ಅವು ಹೂವಿನೊಳಗೇ ಕೂರುತ್ತವೆ. ಹೂವು ಉದುರುವುದಕ್ಕೆ ಅದೇ ಕಾರಣ.

ಬೆಟಗೇರಿ_ಬಾಲ್ಕನಿ • ಫೆಬ್ರವರಿ 25, ಬೆಳಿಗ್ಗೆ 9:20

ಹಾಗಾದರೆ ನೋಡಿಯೇ ಬಿಡೋಣ, ಇದಕ್ಕೆ ದುಡ್ಡು ಬೇಕಿಲ್ಲ. ಬಿಳಿ ಹಾಳೆ ಹಿಡಿದು ಐದಾರು ಹೂವುಗಳನ್ನು ಅದರ ಮೇಲೆ ತಟ್ಟಿ. ಥ್ರಿಪ್ಸ್ ಇದ್ದರೆ ಎಳ್ಳಿಗಿಂತ ಸಣ್ಣ ಗೀರುಗಳು ಓಡಾಡುವುದು ಬರಿಗಣ್ಣಿಗೆ ಕಾಣುತ್ತದೆ.

ಇನ್ನು ನನ್ನ ಪ್ರಶ್ನೆಗಳು. ಕೊಕೊಪೀಟ್ ಇಟ್ಟಿಗೆಯೋ, ಬಿಡಿ ಚೀಲವೋ? ತುಂಬುವ ಮುಂಚೆ ತೊಳೆದಿರಾ? ಡಬ್ಬದ ತಳದಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ? ಹಾಕುವ ನೀರು ಯಾವುದು?

ಕೇಶ್ವಾಪುರ_ತಾರಸಿ • ಫೆಬ್ರವರಿ 25, ರಾತ್ರಿ 9:35

ಅಕ್ಕಾ, ಹನ್ನೆರಡು ಹೂವು ತಟ್ಟಿದೆ. ಒಂದು ಇರುವೆ ಬಿತ್ತು, ಅಷ್ಟೇ.

ಕೊಕೊಪೀಟ್ ಬಿಡಿ ಚೀಲ. 5 ಕಿಲೋ ಇಟ್ಟಿಗೆಗಿಂತ ಅಗ್ಗವಾಗಿ ಸಿಕ್ಕಿತು. ಒಮ್ಮೆ ನೆನೆಸಿ ಹಿಂಡಿದೆ, ನೀರು ಚಹಾದ ಬಣ್ಣಕ್ಕೆ ಬಂತು. ಇಳಿದ ನೀರನ್ನು ತಟ್ಟೆಯಲ್ಲಿ ಹಿಡಿದು ಮತ್ತೆ ಅದೇ ಡಬ್ಬಕ್ಕೆ ಹಾಕುತ್ತೇನೆ, ಒಂದು ಹನಿಯೂ ವ್ಯರ್ಥವಿಲ್ಲ. ನೀರು ಸಾಮಾನ್ಯ ನೀರೇ.

ಗೋಕುಲ್‌ರೋಡ್_ಡ್ರಿಪ್ • ಫೆಬ್ರವರಿ 25, ರಾತ್ರಿ 9:50

ಸಿಕ್ಕಿತಲ್ಲ! ಇಳಿದ ನೀರನ್ನು ಮತ್ತೆ ಹಾಕುವುದೆಂದರೆ ಉಪ್ಪನ್ನು ಮತ್ತೆ ಹಾಕುವುದು. ಹಾಕಿದ್ದರಲ್ಲಿ ಶೇ. 10-20 ಇಳಿದು ಹೊರಗೆ ಹೋಗಲೇಬೇಕು. ಮೊದಲು ಸ್ಟ್ಯಾಂಡ್ ಮಾಡಿಸಿ, ಕೆಳಗೆ ಪಿವಿಸಿ ಪೈಪಿನ ಕಾಲುವೆ ಕೂಡಿಸಿ. ನಾನು ಮಾಡಿದ್ದು ಹೀಗೆ: ಒಂದು ಇಂಚಿನ ಚೌಕ ಪೈಪು, ಎರಡು ಸಲ ಪೇಂಟು, ಎರಡು ಅಡಿ ಎತ್ತರ...

ಮೋಟೆಬೆನ್ನೂರ_ಹೊಲ • ಫೆಬ್ರವರಿ 26, ಬೆಳಿಗ್ಗೆ 5:40

ಅವರ ಹತ್ತಿರ 300 ರೂಪಾಯಿ ಇದೆ ಎಂದರು. ನೀವು ಮನೆ ಕಟ್ಟಿಸುತ್ತಿದ್ದೀರಿ.

ತಾರಸಿಯವರೇ, ಒಂದು ಮಾತು ಕೇಳಬೇಕಿತ್ತು, ನಿಮ್ಮ ಬ್ಯಾಡಗಿ ಯಾವ ಬಗೆ, ದಪ್ಪನೆಯ ಡಬ್ಬಿಯೋ ಸಪೂರ ಕಡ್ಡಿಯೋ?

ಕೇಶ್ವಾಪುರ_ತಾರಸಿ • ಫೆಬ್ರವರಿ 26, ಬೆಳಿಗ್ಗೆ 8:05

ಕಡ್ಡಿ. ಬೀಜ ನಮ್ಮ ಮನೆಯ ಸಾರಿನ ಡಬ್ಬದಲ್ಲಿದ್ದ ಒಣ ಮೆಣಸಿನಕಾಯಿಯದು.

ಮೋಟೆಬೆನ್ನೂರ_ಹೊಲ • ಫೆಬ್ರವರಿ 26, ಬೆಳಿಗ್ಗೆ 8:11

ಹಾಗಾದರೆ ಅದು ಬ್ಯಾಡಗಿ ಎಂದು ಹೇಳಿದವರು ಯಾರು, ಸಾರೇ? ಪೇಟೆಯಲ್ಲಿ ಸುಕ್ಕು ಬಿದ್ದದ್ದೆಲ್ಲ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಸುಮ್ಮನೆ ಅಲ್ಲ. ಈ ಮಣ್ಣು, ಈ ಗಾಳಿ ಸೇರಿದರೆ ಮಾತ್ರ ಆ ಬಣ್ಣ.

(ಇಲ್ಲಿಂದ ಮುಂದಿನ 14 ಉತ್ತರಗಳನ್ನು "ಯಾವುದು ನಿಜವಾದ ಬ್ಯಾಡಗಿ" ಎಂಬ ಬೇರೆ ಚರ್ಚೆಗೆ ಸಾಗಿಸಲಾಗಿದೆ. – ನಿರ್ವಾಹಕ)

ಗೋಕುಲ್‌ರೋಡ್_ಡ್ರಿಪ್ • ಫೆಬ್ರವರಿ 26, ರಾತ್ರಿ 8:40

ವಿಷಯಕ್ಕೆ ಬರೋಣ. ಕೊಕೊಪೀಟ್ ಬಗ್ಗೆ ಹೊರದೇಶದವರು ಬರೆದದ್ದನ್ನು ಓದಿ. "ಕ್ಯಾಲ್-ಮ್ಯಾಗ್" ಎಂಬ ಕ್ಯಾಲ್ಸಿಯಂ-ಮೆಗ್ನೀಸಿಯಂ ಬಾಟಲಿಯಿಲ್ಲದೆ ಅಲ್ಲಿ ಯಾರೂ ಕೈ ಹಾಕುವುದಿಲ್ಲ. ನಿಜ ಹೇಳಬೇಕೆಂದರೆ ಅದನ್ನೆಲ್ಲ ಬರೆದವರು ಬಹುತೇಕ ಗಾಂಜಾ ಬೆಳೆಯುವವರು. ಆದರೆ ಲೆಕ್ಕ ಮಾತ್ರ ಅಚ್ಚುಕಟ್ಟು.

ನಿರ್ವಾಹಕ • ಫೆಬ್ರವರಿ 26, ರಾತ್ರಿ 8:55

ಲೆಕ್ಕ ತನ್ನಿ, ಕೊಂಡಿ ತರಬೇಡಿ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ಬೆಳೆಯುವುದು ಅಪರಾಧ, ತಾರಸಿಯ ಮೇಲಾದರೂ ಅಷ್ಟೇ. ಇದು ಮೆಣಸಿನಕಾಯಿಯ ಚರ್ಚೆ.

ಕೇಶ್ವಾಪುರ_ತಾರಸಿ • ಫೆಬ್ರವರಿ 27, ಸಂಜೆ 6:20

ರಸಾಯನಶಾಸ್ತ್ರ ವಿಭಾಗದ ಗೆಳೆಯನಿಂದ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ತಂದೆ. ನೀರು 640. ತಟ್ಟೆಗೆ ಇಳಿದ ನೀರು 2,900. ಡಬ್ಬದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ. ಉಗುರಿನಿಂದ ಕೆರೆದರೆ ಬರುತ್ತದೆ.

ಗೋಕುಲ್‌ರೋಡ್_ಡ್ರಿಪ್ • ಫೆಬ್ರವರಿ 27, ಸಂಜೆ 6:31

640 ಎಂದರೆ ಬೋರ್‌ವೆಲ್, ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳವಾಗಿರುತ್ತವೆ. ಹಾಗಾಗಿ ಕೊರತೆ ಸಾಧ್ಯವೇ ಇಲ್ಲ, ಬರೀ ಉಪ್ಪು ಕೂಡಿದೆ. ಅದೇ ನೀರು ಹರಿಸಿ ತೊಳೆಯಿರಿ, ಮುಗಿಯಿತು.

ಬೆಟಗೇರಿ_ಬಾಲ್ಕನಿ • ಫೆಬ್ರವರಿ 27, ರಾತ್ರಿ 8:02

ಉಪ್ಪು ಎಷ್ಟಿದೆ ಎಂದು ಮೀಟರ್ ಹೇಳುತ್ತದೆ, ಯಾವ ಉಪ್ಪು ಎಂದು ಹೇಳುವುದಿಲ್ಲ. ಕೆಳಗಿನ ಎಲೆಯಲ್ಲಿ ನರದ ನಡುವೆ ಹಳದಿ, ಅದು ಮೆಗ್ನೀಸಿಯಂ ಕೊರತೆ. ಎಳೆ ಎಲೆ ಮಡಚುವುದು ಕ್ಯಾಲ್ಸಿಯಂ ಕೊರತೆ. ಅಂಚು ಸುಡುವುದು ಉಪ್ಪು. ಗಡಸು ನೀರು ಕುಡಿದ ಗಿಡದಲ್ಲಿ ಈ ಮೂರೂ ಒಟ್ಟಿಗೆ ಬರುವುದು ನನಗೆ ಸರಿ ಕಾಣುತ್ತಿಲ್ಲ.

ತಮ್ಮಾ, ಒಂದು ಕೇಳುತ್ತೇನೆ. ನಿಮ್ಮ ಮನೆಯ ಕುಕ್ಕರಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಸೋಪು ನೊರೆ ಬರುತ್ತದೆಯೇ? ನಮ್ಮ ಗದಗಿನಲ್ಲಿ ಬೋರ್‌ವೆಲ್ ನೀರಿಗೆ ಸೋಪು ಮೊಸರು ಒಡೆದಂತಾಗುತ್ತದೆ. ಕೂದಲು ತೊಳೆದರೆ ತೆಂಗಿನ ಜುಟ್ಟು.

ಕೇಶ್ವಾಪುರ_ತಾರಸಿ • ಫೆಬ್ರವರಿ 27, ರಾತ್ರಿ 8:15

ಇಲ್ಲ ಅಕ್ಕಾ, ನಮ್ಮ ನೀರು ತುಂಬ ಚೆನ್ನಾಗಿದೆ. ಕುಕ್ಕರ್ ಕನ್ನಡಿಯಂತಿದೆ. ಸೋಪು ಎಷ್ಟು ತೊಳೆದರೂ ಕೈ ಜಾರುತ್ತದೆ. ಅದಕ್ಕೇ ನೀರಿನ ಬಗ್ಗೆ ಹೇಳಲಿಲ್ಲ.

ಬೆಟಗೇರಿ_ಬಾಲ್ಕನಿ • ಫೆಬ್ರವರಿ 27, ರಾತ್ರಿ 8:17

ನೀವಿರುವುದು ಅಪಾರ್ಟ್‌ಮೆಂಟೇ? ಕೆಳಗೆ ಪಂಪಿನ ಪಕ್ಕ ಉದ್ದನೆಯ ಸಿಲಿಂಡರ್, ಅದರ ಹತ್ತಿರ ಉಪ್ಪಿನ ಚೀಲ ಇವೆಯೇ?

ಕೇಶ್ವಾಪುರ_ತಾರಸಿ • ಫೆಬ್ರವರಿ 27, ರಾತ್ರಿ 8:44

ಇಳಿದು ನೋಡಿ ಬಂದೆ. ನೀಲಿ ಸಿಲಿಂಡರ್ ಇದೆ. ಕಾವಲುಗಾರರನ್ನು ಕೇಳಿದೆ, ತಿಂಗಳಿಗೆ ಎರಡು ಚೀಲ ಹರಳುಪ್ಪು ಸುರಿಯುತ್ತಾರಂತೆ. ತಾರಸಿಯ ನಲ್ಲಿಗೂ ಅದೇ ನೀರು. ಎರಡು ವರ್ಷದಿಂದ ಇಲ್ಲಿದ್ದೇನೆ, ಆ ಚೀಲಗಳನ್ನು ದಾಟಿಕೊಂಡೇ ಬೈಕ್ ನಿಲ್ಲಿಸುತ್ತೇನೆ.

ಬೆಟಗೇರಿ_ಬಾಲ್ಕನಿ • ಫೆಬ್ರವರಿ 27, ರಾತ್ರಿ 9:30

ಅದೇ. ಅದು ಸಾಫ್ಟ್‌ನರ್. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಹಿಡಿದದ್ದನ್ನು ತೊಳೆದು ಹಾಕಲು ಉಪ್ಪು ಬೇಕು, ಅದಕ್ಕೆ ಚೀಲ. ಉಪ್ಪು ಹೋಗುವುದಿಲ್ಲ, ವೇಷ ಬದಲಿಸುತ್ತದೆ. ಆದ್ದರಿಂದ ಮೀಟರ್ 640 ಅಂದರೆ 640.

ಇನ್ನೂ ತಮಾಷೆಯೆಂದರೆ ನಿಮ್ಮ ಕೊಕೊಪೀಟ್ ಮಾಡುವುದೂ ಅದೇ ಕೆಲಸ. ತೆಂಗಿನ ನಾರಿನಲ್ಲಿ ಹುಟ್ಟಿನಿಂದಲೇ ಪೊಟ್ಯಾಸಿಯಂ, ಸೋಡಿಯಂ ಅಂಟಿಕೊಂಡಿರುತ್ತವೆ. ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರೆ ಕೇಳುವುದೇ ಬೇಡ. ಕ್ಯಾಲ್ಸಿಯಂ ಸಿಕ್ಕಿದರೆ ಅವನ್ನು ಬಿಟ್ಟು ಅದನ್ನು ಹಿಡಿದುಕೊಳ್ಳುತ್ತದೆ. ಗಿಡಕ್ಕೆ ಉಳಿಯುವುದು ಅದರ ಹೊಟ್ಟೆ ತುಂಬಿದ ಮೇಲೆ. ನೀವು ಕೊಟ್ಟ 19:19:19ರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ. ನೀರಿನಲ್ಲಿದ್ದದ್ದನ್ನು ಯಂತ್ರ ತಿಂದಿತು. ತಟ್ಟೆಯ ನೀರು ಬೇರೆ ಮತ್ತೆ ಮತ್ತೆ. ಒಂದು ತಿಂಗಳು ನಿಂತದ್ದೇ ಗಿಡಗಳ ದೊಡ್ಡತನ.

ಕ್ಯಾಲ್ಸಿಯಂ ನೈಟ್ರೇಟ್ ಒಂದು ಕಿಲೋ, ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಅರ್ಧ ಕಿಲೋ ತನ್ನಿ. ಗೊಬ್ಬರದ ಅಂಗಡಿಯಲ್ಲಿ ಬಿಡಿಯಾಗಿ ಕೇಳಿ, ನಿಮ್ಮ 300ರಲ್ಲಿ ಚಿಲ್ಲರೆ ಉಳಿಯುತ್ತದೆ. 18 ಡಬ್ಬ ತೊಳೆಯುವಷ್ಟು ನೀರು ಈಗ ಯಾರ ಮನೆಯಲ್ಲೂ ಇಲ್ಲ, ನಾಲ್ಕರಿಂದ ಶುರು ಮಾಡಿ. ಮಲಪ್ರಭೆಯ ನಲ್ಲಿ ನೀರು ಬಂದ ದಿನ ಪ್ರತಿ ಡಬ್ಬಕ್ಕೆ ಎರಡು ಬಕೆಟ್ ನಿಧಾನವಾಗಿ ಹರಿಸಿ. ನಂತರ ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್. ಎರಡು ದಿನ ಬಿಟ್ಟು ಲೀಟರಿಗೆ ಅರ್ಧ ಗ್ರಾಂ ಎಪ್ಸಮ್. 19:19:19 ಸದ್ಯಕ್ಕೆ ಬೇಡ, ಆಮೇಲೆ ಅರ್ಧ ಅಳತೆ.

ಕೇಶ್ವಾಪುರ_ತಾರಸಿ • ಮಾರ್ಚ್ 2, ಬೆಳಿಗ್ಗೆ 7:25

ಸಮಯ ಉಳಿಯಲೆಂದು 19:19:19 ಸೇರಿಸಿ ಮೂರನ್ನೂ ಒಂದೇ ಮಗ್ಗಿನಲ್ಲಿ ಗಟ್ಟಿಯಾಗಿ ಕಲಸಿದೆ. ಸುಣ್ಣದ ತಿಳಿಯಂತಾಯಿತು, ತಳದಲ್ಲಿ ಬಿಳಿ ಗಸಿ. ಪುಡಿ ಕಲಬೆರಕೆಯೇ?

ಬೆಟಗೇರಿ_ಬಾಲ್ಕನಿ • ಮಾರ್ಚ್ 2, ಬೆಳಿಗ್ಗೆ 7:50

ಅಂಗಡಿಯವನನ್ನು ಬೈಯಬೇಡಿ. ಕ್ಯಾಲ್ಸಿಯಂ ಹೋಗಿ ಎಪ್ಸಮ್ಮಿನ ಸಲ್ಫೇಟಿನ ಜೊತೆ ಸೇರಿದರೆ ಜಿಪ್ಸಮ್, ರಂಜಕದ ಜೊತೆ ಸೇರಿದರೆ ಇನ್ನೊಂದು ಕಲ್ಲು. ಎರಡೂ ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ. "ಎರಡು ದಿನ ಬಿಟ್ಟು" ಎಂದದ್ದು ಪಂಚಾಂಗ ನೋಡಿ ಅಲ್ಲ. ಚೆಲ್ಲಿ, ಬೇರೆ ಬೇರೆ ಕಲಸಿ.

ಸಪ್ತಾಪುರ_ಮಾಸ್ತರ • ಮಾರ್ಚ್ 2, ಬೆಳಿಗ್ಗೆ 10:15

ನಲ್ಲಿ ನೀರು ಆರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಡಬ್ಬಕ್ಕೆ ಎರಡು ಬಕೆಟ್ ಎಂದರೆ ಮನೆಯವರು ಒಪ್ಪಬೇಕಲ್ಲ. ನೀಲಿ ಹಾಳೆ ಹೇಗೂ ಇರಲಿ, ನಷ್ಟವಿಲ್ಲ.

ಕೇಶ್ವಾಪುರ_ತಾರಸಿ • ಮಾರ್ಚ್ 17, ರಾತ್ರಿ 9:05

ತೊಳೆದ ನಾಲ್ಕರಲ್ಲಿ ಮೂರು ಗಿಡಗಳ ಹೊಸ ಎಲೆ ಅಂಗೈಯಂತೆ ಚಪ್ಪಟೆ. ಹಳದಿ ಎಲೆ ಹಸಿರಾಗಲಿಲ್ಲ, ಉದುರಿತು. ನಾಲ್ಕನೆಯದು ಸತ್ತಿತು, ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ ಕೊಳೆತಿತ್ತು. ಒಂದರಲ್ಲಿ ಕಿರುಬೆರಳಿನಷ್ಟು ಎರಡು ಕಾಯಿ ನಿಂತಿವೆ. ಉಳಿದ 14 ಹಾಗೆಯೇ ಮುಖ ಬಾಡಿಸಿಕೊಂಡಿವೆ.

ಸಾಫ್ಟ್‌ನರಿಗೆ ಹೋಗುವ ಮುಂಚೆ ಒಂದು ನಲ್ಲಿ ಇದೆ, ಕಾರು ತೊಳೆಯಲು. ಅದರಿಂದ ದಿನಕ್ಕೆ ಎರಡು ಬಕೆಟ್ ಕೊಡಿ ಎಂದರೆ ಕಾರ್ಯದರ್ಶಿಗಳು ಸಾಮಾನ್ಯ ಸಭೆಯಲ್ಲಿಡಬೇಕು ಎಂದರು.

ಬೆಟಗೇರಿ_ಬಾಲ್ಕನಿ • ಮಾರ್ಚ್ 17, ರಾತ್ರಿ 9:22

ಆ ಗಡಸು ನೀರೇ ಈಗ ನಿಮಗೆ ಅಮೃತ. ಬಿಡಬೇಡಿ.

ಗೋಕುಲ್‌ರೋಡ್_ಡ್ರಿಪ್ ಅವರೇ, ಕಳೆದ ತಿಂಗಳು ನಿಮ್ಮ ಟೊಮೆಟೊ ಹಣ್ಣಿನ ತಳ ಕಪ್ಪಾಗುತ್ತಿದೆ ಎಂದು ಬರೆದಿದ್ದಿರಿ. ಅದೂ ಕ್ಯಾಲ್ಸಿಯಂ ತಕರಾರೇ. ಹೊಸ ಫಿಲ್ಟರ್ ಎಂದಿರಲ್ಲ, ಅದಕ್ಕೆ ಉಪ್ಪು ಹಾಕುತ್ತೀರೋ?

ಮೋಟೆಬೆನ್ನೂರ_ಹೊಲ • ಮಾರ್ಚ್ 18, ಬೆಳಿಗ್ಗೆ 5:47

ಎರಡು ಕಾಯಿ ನಿಂತವಲ್ಲ, ಅವನ್ನು ಹಸಿಯಾಗಿ ಕೀಳಬೇಡಿ. ಗಿಡದಲ್ಲೇ ಹಣ್ಣಾಗಿ ಸುಕ್ಕು ಬೀಳಲಿ. ಬ್ಯಾಡಗಿ ಹೌದೋ ಅಲ್ಲವೋ ಆಗ ಹೇಳುತ್ತೇನೆ.

ಕೇಶ್ವಾಪುರ_ತಾರಸಿ • ಮಾರ್ಚ್ 18, ಬೆಳಿಗ್ಗೆ 8:00

ಸಭೆ ಏಪ್ರಿಲ್ ಮೊದಲ ಭಾನುವಾರವಂತೆ. ಅಲ್ಲಿಯವರೆಗೆ ಕಾವಲುಗಾರರು ಬೆಳಗಿನ ಐದೂವರೆಗೆ ಆ ನಲ್ಲಿಯಿಂದ ಎರಡು ಬಕೆಟ್ ತುಂಬಿಡುತ್ತಾರೆ. ಒಂದು ಗಿಡ ಅವರ ಕೋಣೆಯ ಬಾಗಿಲಿಗೆ ಹೋಗಿದೆ.